ಬರೀ ತಲೆನೋವು ಎಂದು ಆ ದಿನ ಮಲಗಿಬಿಟ್ಟೆ

ಮಿಂಚುಗೆರೆ (ಚರ್ಚೆ ಆರಂಭಿಸಿದವರು)

ನನಗೀಗ 38 ವರ್ಷ. ಮೈಗ್ರೇನ್ ಶುರುವಾದದ್ದು 16ರಲ್ಲಿ. 22 ವರ್ಷ ಜೊತೆಗೇ ಬಾಳಿದ ನೋವು, ಅದರ ಒಂದೊಂದು ಹೆಜ್ಜೆಯೂ ನನಗೆ ಗೊತ್ತಿದೆ ಎಂದುಕೊಂಡಿದ್ದೆ. ಮೊದಲು ನೋಟದ ಎಡಬದಿಯಲ್ಲಿ ಒಂದು ಸಣ್ಣ ಚುಕ್ಕೆ. ಅದು ಮೆಲ್ಲಗೆ ಅರಳಿ, ಗರಗಸದ ಹಲ್ಲಿನಂತೆ ಮಿನುಗುವ ಬಿಲ್ಲಾಗುತ್ತದೆ. ಸುಮಾರು 25 ನಿಮಿಷಕ್ಕೆ ಬಿಲ್ಲು ಅಂಚಿಗೆ ಸರಿದು ಮಾಯವಾಗುತ್ತದೆ. ಆಮೇಲೆ ಬಲಗಣ್ಣಿನ ಹಿಂದೆ ನೋವು, ವಾಂತಿ, ಕತ್ತಲೆ ಕೋಣೆ, ನಿದ್ದೆ. ಮರುದಿನ ಎದ್ದು ಕೆಲಸಕ್ಕೆ ಹೊರಡುತ್ತಿದ್ದೆ.

ನಾಲ್ಕು ತಿಂಗಳ ಹಿಂದಿನ ಆ ದಿನ ಚುಕ್ಕೆ ಬರಲಿಲ್ಲ, ಬಿಲ್ಲೂ ಬರಲಿಲ್ಲ. ಕೈಯಲ್ಲಿದ್ದ ಕಾಗದದ ಬಲ ಅರ್ಧ ಒಮ್ಮೆಗೇ ಇಲ್ಲವಾಯಿತು, ಯಾರೋ ಪರದೆ ಎಳೆದಂತೆ. ಹೊಳಪಿಲ್ಲ, ಮಿನುಗಿಲ್ಲ. ಯಾವ ಕಣ್ಣು ಮುಚ್ಚಿ ನೋಡಿದರೂ ಬಲಭಾಗವೇ ಖಾಲಿ. ತಲೆ ಸ್ವಲ್ಪ ಭಾರವಾಗಿತ್ತು. “ಇವತ್ತು ಬೇರೆ ಥರ ಬಂದಿದೆ” ಎಂದು ಮನಸ್ಸಿಗೆ ಅನ್ನಿಸಿದ್ದು ಸತ್ಯ. ಆದರೂ ಅಭ್ಯಾಸದಂತೆ ಟ್ರಿಪ್ಟಾನ್ ಎಂಬ ಮೈಗ್ರೇನ್ ಮಾತ್ರೆ ನುಂಗಿ, ಪರದೆ ಎಳೆದು ಮಲಗಿದೆ. ಐದು ಗಂಟೆಯ ನಂತರ ಎದ್ದಾಗ ಬಾಗಿಲಿನ ಚೌಕಟ್ಟಿಗೆ ಬಲಭುಜ ಬಡಿಯಿತು. ಚೌಕಟ್ಟು ನನಗೆ ಕಂಡಿರಲೇ ಇಲ್ಲ.

ಎಂಆರ್‌ಐನಲ್ಲಿ ಮೆದುಳಿನ ಹಿಂಭಾಗದ ಎಡಬದಿಯಲ್ಲಿ, ನೋಟವನ್ನು ನೋಡಿಕೊಳ್ಳುವ ಜಾಗದಲ್ಲಿ, ಹೊಸ ಪಾರ್ಶ್ವವಾಯು. ರಕ್ತದ ಹೆಪ್ಪು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಂತೆ. ಆ ಹೊತ್ತನ್ನೆಲ್ಲ ನಾನು ನಿದ್ದೆಯಲ್ಲಿ ಕಳೆದಿದ್ದೆ.

ಇನ್ನೊಂದು ವಿಷಯವನ್ನೂ ಮುಚ್ಚಿಡುವುದಿಲ್ಲ. ಮೂರು ವರ್ಷಗಳಿಂದ ನಾನು ಈಸ್ಟ್ರೋಜೆನ್ ಹಾರ್ಮೋನು ಇರುವ ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿದ್ದೆ. ಮುಟ್ಟಿನ ತೊಂದರೆಗೆಂದು ಬರೆದುಕೊಟ್ಟದ್ದು. ಬರೆದುಕೊಟ್ಟವರು ಮೈಗ್ರೇನ್ ಇದೆಯೇ ಎಂದು ಕೇಳಲಿಲ್ಲ. ನಾನೂ ಹೇಳಲಿಲ್ಲ. ತಲೆನೋವನ್ನು ಹೇಳಿಕೊಳ್ಳಬೇಕಾದ ಕಾಯಿಲೆ ಎಂದು ನಾನೇ ಎಣಿಸಿರಲಿಲ್ಲ.

ಈಗ ನೋಟದ ಬಲಗಡೆ ಕಾಲುಭಾಗ ಇಲ್ಲ. ಓದುವಾಗ ಸಾಲಿನ ಕೊನೆ ಸಿಗುವುದಿಲ್ಲ, ಬೆರಳಿಟ್ಟು ಓದುತ್ತೇನೆ. ಈ ಬರಹವನ್ನೂ ಹಾಗೆಯೇ ಬರೆದಿದ್ದೇನೆ. ನಿಮ್ಮಲ್ಲಿ ಯಾರಿಗಾದರೂ ತೀವ್ರ ಮೈಗ್ರೇನ್ ಇದ್ದರೆ ಕೇಳಿಕೊಳ್ಳುವುದು ಇಷ್ಟೇ: ನಿಮ್ಮ ಮಾಮೂಲಿ ನೋವು ಹೇಗಿರುತ್ತದೆ ಎಂಬುದನ್ನು ಚೆನ್ನಾಗಿ ತಿಳಿದುಕೊಳ್ಳಿ. ಹಾಗಲ್ಲದೆ ಬೇರೆ ಥರ ಬಂದ ದಿನ ಮಲಗಬೇಡಿ.

ಕತ್ತಲಕೋಣೆ

ಓದಿ ಕೈ ನಡುಗಿತು. ನೀವು ಬೇಗ ಚೇತರಿಸಿಕೊಳ್ಳಿ.

ನನ್ನ ಅಪಾಯ ಬೇರೆ ದಾರಿಯಿಂದ ಬಂತು. ಮಾತ್ರೆಗಳಿಂದ. ತಿಂಗಳಿಗೆ ನಾಲ್ಕು ಬಾರಿ ಬರುತ್ತಿದ್ದ ನೋವು ಎಂಟಾಯಿತು, ಆಮೇಲೆ ಹದಿನೈದಾಯಿತು, ಕೊನೆಗೆ ನೋವಿಲ್ಲದ ದಿನ ಯಾವುದೆಂದು ಹುಡುಕಬೇಕಾಯಿತು. ನೋವು ಹೆಚ್ಚಾಗಿದೆ, ಅದಕ್ಕೇ ಮಾತ್ರೆ ಹೆಚ್ಚಾಗಿದೆ ಎಂದು ನಾನು ನಂಬಿದ್ದೆ. ಮಾತ್ರೆ ಹೆಚ್ಚಾದದ್ದರಿಂದಲೇ ನೋವೂ ಹೆಚ್ಚುತ್ತಿತ್ತು ಎಂದು ನರರೋಗ ತಜ್ಞರು ಹೇಳಿದಾಗ ನಂಬಲು ಎರಡು ಭೇಟಿ ಬೇಕಾದವು.

ಅವರು ಹೇಳಿದ ಲೆಕ್ಕವನ್ನು ಗೋಡೆಗೆ ಅಂಟಿಸಿಕೊಂಡಿದ್ದೇನೆ. ಪ್ಯಾರಾಸಿಟಮಾಲ್, ಐಬುಪ್ರೊಫೆನ್‌ನಂಥ ಸಾದಾ ನೋವಿನ ಮಾತ್ರೆಯನ್ನು ತಿಂಗಳಿಗೆ 15 ದಿನ ಅಥವಾ ಹೆಚ್ಚು, ಇಲ್ಲವೇ ಟ್ರಿಪ್ಟಾನ್, ಎರ್ಗಾಟ್ (ಮೈಗ್ರೇನ್‌ನ ಹಳೆಯ ಔಷಧಿ), ಓಪಿಯಾಯ್ಡ್ (ಅಫೀಮಿನ ಬಗೆಯ ನೋವಿನ ಔಷಧಿ) ಅಥವಾ ಕೆಫೀನ್ ಬೆರೆಸಿದ ಕೂಡುಮಾತ್ರೆಗಳನ್ನು 10 ದಿನ ಅಥವಾ ಹೆಚ್ಚು, ಹೀಗೆ ಮೂರು ತಿಂಗಳಿಗೂ ಮೀರಿ ತೆಗೆದುಕೊಂಡರೆ ಮಾತ್ರೆಯೇ ತಲೆನೋವನ್ನು ಹುಟ್ಟಿಸಬಹುದು. ನಾನು ಕೂಡುಮಾತ್ರೆಯನ್ನು ತಿಂಗಳಿಗೆ 24 ದಿನ ನುಂಗುತ್ತಿದ್ದೆ.

ಅದರ ಮೇಲೆ ಹೊಟ್ಟೆಯ ಹುಣ್ಣು. ಒಂದು ಬೆಳಿಗ್ಗೆ ಮಲ ಡಾಂಬರಿನಷ್ಟು ಕಪ್ಪಾಗಿತ್ತು, ಎದ್ದು ನಿಂತರೆ ಕಣ್ಣು ಕತ್ತಲೆ. ಹುಣ್ಣಿನಿಂದ ರಕ್ತ ಒಸರುತ್ತಿತ್ತು. ಎರಡು ಬಾಟಲಿ ರಕ್ತ ಕೊಟ್ಟರು. ಮೂತ್ರಪಿಂಡದ ಪರೀಕ್ಷೆಯ ಅಂಕಿಗಳೂ ಏರಿದ್ದವು, ಪುಣ್ಯಕ್ಕೆ ಇಳಿದವು. ತಲೆನೋವು ನನ್ನನ್ನು ಕೊಲ್ಲುವುದಿಲ್ಲ ಎಂದು ಇಪ್ಪತ್ತು ವರ್ಷ ಹೇಳಿಕೊಂಡು ಬಂದಿದ್ದೆ. ಅದರ ಔಷಧಿ ಆ ಕೆಲಸ ಮಾಡಬಲ್ಲದು ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

ಮಾತ್ರೆ ಬಿಟ್ಟು ಇಂದಿಗೆ ಒಂಬತ್ತು ದಿನ. ಮೊದಲ ವಾರ ನರಕ. ಆದರೂ ಬರೆಯುತ್ತಿದ್ದೇನೆ.

ಹೊಂಗೆನೆರಳು

ಇಬ್ಬರಿಗೂ ಆದದ್ದು ಕೇಳಿ ನಿಜಕ್ಕೂ ಸಂಕಟವಾಯಿತು. ಆದರೆ ಒಂದು ಮಾತು ಹೇಳಲೇಬೇಕು. ನನಗೂ ಮೈಗ್ರೇನ್ ಇದೆ, ಗೆರೆ ಬಿಲ್ಲು ಏನೂ ಬರುವುದಿಲ್ಲ, ನೋವು ಮಾತ್ರ. ನಿನ್ನೆ ರಾತ್ರಿ ಮೊದಲ ಬರಹವನ್ನು ಓದಿದ ಮೇಲೆ ನಿದ್ದೆ ಬರಲಿಲ್ಲ. ಪ್ರತಿ ನೋವಿಗೂ ಪಾರ್ಶ್ವವಾಯು ಎಂದು ಹೆದರಿಕೊಂಡರೆ ಬದುಕುವುದು ಹೇಗೆ? ಹೆದರಿಕೆಯಿಂದಲೇ ನೋವು ಹೆಚ್ಚುವವರು ನಮ್ಮಲ್ಲಿ ಇದ್ದಾರೆ. ಅಪಾಯ ಎಷ್ಟು ದೊಡ್ಡದು ಎಂಬುದನ್ನು ತಿಳಿದವರು ಯಾರಾದರೂ ಅಳತೆಯಲ್ಲಿ ಹೇಳಬೇಕು.

ರಾತ್ರಿಪಾಳಿ

ನಾನು ನರರೋಗ ವಾರ್ಡಿನಲ್ಲಿ 14 ವರ್ಷಗಳಿಂದ ನರ್ಸ್. ವೈದ್ಯೆಯಲ್ಲ, ಆದರೆ ಇಂಥ ಹಾಸಿಗೆಗಳ ಪಕ್ಕದಲ್ಲಿ ಬಹಳ ರಾತ್ರಿ ನಿಂತಿದ್ದೇನೆ. ಹೊಂಗೆನೆರಳು ಅವರ ಪ್ರಶ್ನೆ ನ್ಯಾಯವಾದದ್ದು, ಅಲ್ಲಿಂದಲೇ ಶುರು ಮಾಡುತ್ತೇನೆ.

ಜಗತ್ತಿನಲ್ಲಿ ನೂರು ಕೋಟಿಗೂ ಹೆಚ್ಚು ಜನರಿಗೆ ಮೈಗ್ರೇನ್ ಇದೆ. ಅವರಲ್ಲಿ ಬಹುಪಾಲು ಜನರಿಗೆ ಎಂದೂ ಪಾರ್ಶ್ವವಾಯು ಆಗುವುದಿಲ್ಲ. ಔರಾ ಇರುವವರಲ್ಲಿ, ಅಂದರೆ ನೋವಿಗೆ ಮುಂಚೆ ಗೆರೆ, ಕುರುಡುಚುಕ್ಕೆ, ಜೋಮು, ಮಾತಿನ ತೊಡಕು ಬರುವವರಲ್ಲಿ, ರಕ್ತನಾಳ ಕಟ್ಟಿಕೊಂಡು ಆಗುವ ಪಾರ್ಶ್ವವಾಯುವಿನ ಸಂಭವ ಉಳಿದವರಿಗಿಂತ ಸುಮಾರು ಎರಡು ಪಟ್ಟು. ಔರಾ ಇಲ್ಲದವರಲ್ಲಿ ಈ ನಂಟು ಅಷ್ಟು ಸ್ಪಷ್ಟವಾಗಿಲ್ಲ. ಎರಡು ಪಟ್ಟು ಎಂದರೂ ಗಾಬರಿ ಬೇಡ: ಹರೆಯದ ಹೆಣ್ಣುಮಕ್ಕಳಲ್ಲಿ ಪಾರ್ಶ್ವವಾಯು ವರ್ಷಕ್ಕೆ ಲಕ್ಷದಲ್ಲಿ ಬೆರಳೆಣಿಕೆಯಷ್ಟು ಮಂದಿಗೆ ಆಗುವಂಥದ್ದು, ಅದರ ಎರಡು ಪಟ್ಟೂ ಚಿಕ್ಕ ಸಂಖ್ಯೆಯೇ.

ಆ ಚಿಕ್ಕ ಸಂಖ್ಯೆಯನ್ನು ದೊಡ್ಡದು ಮಾಡುವ ಸಂಗತಿಗಳು ನಮ್ಮ ಕೈಯಲ್ಲೇ ಇವೆ ಎಂಬುದು ನನ್ನ ಸಂಕಟ. ಔರಾದ ಜೊತೆ ಧೂಮಪಾನ ಸೇರಿದರೆ ಅಪಾಯ ಏರುತ್ತದೆ, ಈಸ್ಟ್ರೋಜೆನ್ ಮಾತ್ರೆ ಸೇರಿದರೆ ಏರುತ್ತದೆ, ಮೂರೂ ಸೇರಿದರೆ ಹಲವು ಪಟ್ಟು. ಅದಕ್ಕಾಗಿಯೇ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯು ಔರಾ ಇರುವ ಮೈಗ್ರೇನ್‌ನಲ್ಲಿ ಈಸ್ಟ್ರೋಜೆನ್ ಸೇರಿದ ಗರ್ಭನಿರೋಧಕ ಮಾತ್ರೆಯನ್ನು ನಾಲ್ಕನೇ ವರ್ಗದಲ್ಲಿ ಇಟ್ಟಿದೆ. ನಾಲ್ಕನೇ ವರ್ಗವೆಂದರೆ ‘ಬಳಸಬಾರದು’. ಪ್ರೊಜೆಸ್ಟೊಜೆನ್ ಎಂಬ ಇನ್ನೊಂದು ಹಾರ್ಮೋನು ಮಾತ್ರವೇ ಇರುವ ಮಾತ್ರೆ, ಗರ್ಭಕೋಶದಲ್ಲಿ ಇಡುವ ತಾಮ್ರದ ಸಾಧನ ಹೀಗೆ ಬೇರೆ ದಾರಿಗಳು ಇವೆ. ಯಾರೂ ಕೇಳದಿದ್ದರೂ ನೀವೇ ಬಾಯಿಬಿಟ್ಟು ಹೇಳಿ: “ನನಗೆ ಔರಾ ಬರುತ್ತದೆ.” ಮಿಂಚುಗೆರೆ ಅವರೇ, ತಪ್ಪು ನಿಮ್ಮದಲ್ಲ. ಆ ಪ್ರಶ್ನೆಯನ್ನು ಕೇಳುವುದು ಬರೆದುಕೊಡುವವರ ಕರ್ತವ್ಯ.

ಇನ್ನು ಅವರು ಹೇಳಿದ ‘ಬೇರೆ ಥರ’ದ ವಿಚಾರ. ನಾನು ಇಲ್ಲಿ ಸ್ವಲ್ಪ ಹೆಚ್ಚು ಬರೆಯುತ್ತೇನೆ, ಕ್ಷಮಿಸಿ. ಔರಾ ಬರುವಾಗ ಮೆದುಳಿನ ಹೊರಪದರದ ಮೇಲೆ ಒಂದು ಅಲೆ ಹರಿಯುತ್ತದೆ. ಮೊದಲು ನರಕೋಶಗಳು ಕೆರಳುತ್ತವೆ, ಹಿಂದೆಯೇ ಸ್ತಬ್ಧವಾಗುತ್ತವೆ. ಮನಶ್ಶಾಸ್ತ್ರಜ್ಞ ಕಾರ್ಲ್ ಲ್ಯಾಶ್ಲಿ ತನಗೆ ಬರುತ್ತಿದ್ದ ಬಿಲ್ಲನ್ನು ಕಾಗದದ ಮೇಲೆ ಗುರುತು ಮಾಡುತ್ತಾ ಹೋಗಿ, ಅದು ಮೆದುಳಿನಲ್ಲಿ ನಿಮಿಷಕ್ಕೆ ಸುಮಾರು 3 ಮಿಲಿಮೀಟರ್ ವೇಗದಲ್ಲಿ ಸರಿಯುತ್ತಿರಬೇಕು ಎಂದು 1941ರಲ್ಲಿ ಲೆಕ್ಕ ಹಾಕಿದ್ದರು. ಬ್ರೆಜಿಲ್‌ನ ಅರಿಸ್ಟಿಡಿಸ್ ಲಿಯಾಂವ್ 1944ರಲ್ಲಿ ಮೊಲಗಳ ಮೆದುಳಿನಲ್ಲಿ ಇಂಥದೇ ನಿಧಾನದ ಅಲೆಯನ್ನು ವಿವರಿಸಿದರು. ಈ ನಿಧಾನವೇ ನಮಗೆ ಬೇಕಾದ ಗುರುತು. ಔರಾ ತೆವಳುತ್ತದೆ: ಐದು ನಿಮಿಷವೋ ಹತ್ತು ನಿಮಿಷವೋ ತೆಗೆದುಕೊಂಡು ಬೆಳೆಯುತ್ತದೆ, ಒಂದೊಂದು ಲಕ್ಷಣವೂ ಸಾಮಾನ್ಯವಾಗಿ 5ರಿಂದ 60 ನಿಮಿಷದೊಳಗೆ ಮುಗಿಯುತ್ತದೆ. ಅದು ಹೆಚ್ಚಾಗಿ ಏನನ್ನಾದರೂ ಸೇರಿಸುತ್ತದೆ: ಹೊಳಪು, ಮಿನುಗು, ಚುಮುಚುಮು ಜೋಮು. ಪಾರ್ಶ್ವವಾಯು ಹೊಡೆಯುವುದು ಒಮ್ಮೆಗೇ, ಮತ್ತು ಅದು ಕಸಿದುಕೊಳ್ಳುತ್ತದೆ: ಅರ್ಧ ನೋಟ, ಕೈಯ ಬಲ, ಮಾತು. ಮಿಂಚುಗೆರೆ ಅವರ ಪರದೆ ಅದೇ.

ಎಲ್ಲ ಸಲವೂ ಇಷ್ಟು ಸ್ಪಷ್ಟವಾಗಿ ಇರುವುದಿಲ್ಲ. ಅಪರೂಪಕ್ಕೆ ಮಾಮೂಲಿ ಔರಾವೇ ಒಂದು ಗಂಟೆ ಮೀರಿ ಉಳಿದು, ಸ್ಕ್ಯಾನಿನಲ್ಲಿ ಅದೇ ಜಾಗ ಸತ್ತುಹೋಗಿರುವುದು ಕಾಣುತ್ತದೆ. ಅದನ್ನು ಮೈಗ್ರೇನ್ ಇನ್‌ಫಾರ್ಕ್ಷನ್ ಎನ್ನುತ್ತಾರೆ. ಆದ್ದರಿಂದ ಔರಾ ಒಂದು ಗಂಟೆ ದಾಟಿದರೆ, ಹೊಸ ರೂಪದಲ್ಲಿ ಬಂದರೆ, ಕೈಕಾಲು ಸೋತರೆ, ಮನೆಯಲ್ಲಿ ತೀರ್ಮಾನ ಮಾಡಬೇಡಿ. ಆಂಬುಲೆನ್ಸ್ ಕರೆಯಿರಿ, ಲಕ್ಷಣ ಶುರುವಾದ ಹೊತ್ತನ್ನು ಬರೆದಿಟ್ಟುಕೊಳ್ಳಿ. ಬರೀ ಔರಾ ಎಂದು ತಿಳಿದು ವಾಪಸು ಬಂದರೆ ನಷ್ಟವೇನೂ ಇಲ್ಲ. ಹಾಗೆ ಬಂದವರನ್ನು ಕಂಡು ನಮ್ಮ ವಾರ್ಡಿನಲ್ಲಿ ಯಾರೂ ಬೇಸರಿಸುವುದಿಲ್ಲ, ನಮಗೆ ಸಮಾಧಾನವೇ ಆಗುತ್ತದೆ.

ಮೈಗ್ರೇನ್‌ನ ಹೆಸರಿನಲ್ಲಿ ತಪ್ಪಿಸಿಕೊಳ್ಳುವ ಬೇರೆ ಕಾಯಿಲೆಗಳೂ ಇವೆ. ಒಂದೇ ನಿಮಿಷದಲ್ಲಿ ತುತ್ತತುದಿಗೇರುವ ಸಿಡಿಲಿನಂಥ ನೋವು ಮೆದುಳಿನ ಸುತ್ತ ರಕ್ತಸ್ರಾವದ್ದಿರಬಹುದು. ಜ್ವರ, ಕುತ್ತಿಗೆ ಬಿಗಿತ ಇದ್ದರೆ ಸೋಂಕು. 50 ದಾಟಿದ ಮೇಲೆ ಮೊದಲ ಬಾರಿ ಶುರುವಾದ ತಲೆನೋವನ್ನು ಮೈಗ್ರೇನ್ ಎಂದು ನೀವೇ ಹೆಸರಿಡಬೇಡಿ. ಕುತ್ತಿಗೆಯ ಒಂದು ಬದಿ ಹೊಸದಾಗಿ ನೋಯುತ್ತಾ ತಲೆಗೆ ಏರಿದರೆ ರಕ್ತನಾಳದ ಗೋಡೆ ಸೀಳಿರಬಹುದು. ಮೈಗ್ರೇನ್ ಇರುವವರಲ್ಲಿ ಇದು ತುಸು ಹೆಚ್ಚು. ಕುತ್ತಿಗೆಯನ್ನು ಜೋರಾಗಿ ತಿರುಗಿಸಿ ನೆಟಿಗೆ ತೆಗೆಸುವುದನ್ನು ದಯವಿಟ್ಟು ಬಿಡಿ.

ಹೊಂಗೆನೆರಳು

ಧನ್ಯವಾದ. ಇಷ್ಟು ಅಳತೆಯಾಗಿ ಹೇಳಿದ ಮೇಲೆ ಹೆದರಿಕೆ ಇಳಿಯಿತು. ನನ್ನ ತಂಗಿಗೆ ಗೆರೆಗಳು ಬರುತ್ತವೆ, ಅವಳು ಸಿಗರೇಟು ಸೇದುತ್ತಾಳೆ. ಇವತ್ತೇ ಅವಳೊಂದಿಗೆ ಮಾತಾಡುತ್ತೇನೆ.

ಎಳೆಬಿಸಿಲು

ರಾತ್ರಿಪಾಳಿ ಅವರ ಮಾತಿಗೆ ನನ್ನದನ್ನು ಸೇರಿಸುತ್ತೇನೆ. ಹೆರಿಗೆಯಾಗಿ ಹನ್ನೊಂದನೇ ದಿನ ತಲೆನೋವು ಬಂತು. ಮನೆಯವರೆಲ್ಲ, ನಾನೂ ಸೇರಿ, ನಿದ್ದೆಗೆಟ್ಟು ಮೈಗ್ರೇನ್ ಮರಳಿದೆ ಎಂದೆವು. ಆದರೆ ನನ್ನ ಮೈಗ್ರೇನ್ ಮಲಗಿದರೆ ತಗ್ಗುತ್ತದೆ, ಈ ನೋವು ಮಲಗಿದರೆ ಹೆಚ್ಚುತ್ತಿತ್ತು. ಮೂರನೇ ದಿನ ನೋಟ ಮಸುಕಾಯಿತು, ನಂತರ ಫಿಟ್ಸ್ ಬಂತು. ಮೆದುಳಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಗರ್ಭದಲ್ಲಿ ಮತ್ತು ಬಾಣಂತನದಲ್ಲಿ ರಕ್ತ ಹೆಪ್ಪುಗಟ್ಟುವ ಗುಣ ಹೆಚ್ಚಿರುತ್ತದೆ ಎಂದು ಆಮೇಲೆ ತಿಳಿಯಿತು. ಮೈಗ್ರೇನ್ ಇರುವ ಗರ್ಭಿಣಿಯರಲ್ಲಿ ರಕ್ತದೊತ್ತಡ ಏರುವ ಪ್ರಿಎಕ್ಲಾಂಪ್ಸಿಯಾ ಕೂಡ ಹೆಚ್ಚು.

ಇನ್ನೊಂದು. ಮೈಗ್ರೇನ್ ತಡೆಯಲು ವಾಲ್ಪ್ರೊಯೇಟ್ ತೆಗೆದುಕೊಳ್ಳುತ್ತಿರುವ ಹೆಣ್ಣುಮಕ್ಕಳು ಮಗುವಿನ ಯೋಚನೆ ಮಾಡುವ ಮೊದಲೇ ವೈದ್ಯರನ್ನು ಕಾಣಬೇಕು. ಅದು ಗರ್ಭದ ಮಗುವಿನ ಬೆನ್ನುಹುರಿಗೂ ಬುದ್ಧಿಯ ಬೆಳವಣಿಗೆಗೂ ಹಾನಿ ಮಾಡುತ್ತದೆ. ಮೈಗ್ರೇನ್ ತಡೆಯಲು ಕೊಡುವ ಟೋಪಿರಾಮೇಟ್ ಕೂಡ ಸುರಕ್ಷಿತವಲ್ಲ. ನನಗೆ ಈ ವಿಷಯ ಮೊದಲೇ ಹೇಳಿದ ವೈದ್ಯೆಗೆ ಇವತ್ತಿಗೂ ಕೈಮುಗಿಯುತ್ತೇನೆ.

ಅಪ್ಪನ ಕುರ್ಚಿ

ನನ್ನ ಮಗಳಿಗೆ 17. ಕಳೆದ ತಿಂಗಳು ಐದು ದಿನ ಸತತವಾಗಿ ನೋವು. ಏನು ಕೊಟ್ಟರೂ ವಾಂತಿ, ನೀರೂ ನಿಲ್ಲಲಿಲ್ಲ. ನುಂಗಿದ ಮಾತ್ರೆ ಹಾಗೇ ಹೊರಗೆ ಬರುತ್ತಿತ್ತು. ಐದನೇ ದಿನ ಕರೆದುಕೊಂಡು ಹೋದಾಗ ಇಷ್ಟು ದಿನ ಏಕೆ ಕಾದಿರಿ ಎಂದು ಕೇಳಿದರು. ನನ್ನ ಬಳಿ ಉತ್ತರ ಇರಲಿಲ್ಲ. ಅವಳ ತುಟಿ ಒಡೆದಿತ್ತು, ಕಣ್ಣು ಗುಳಿಬಿದ್ದಿತ್ತು. ಮೈಗ್ರೇನ್ ಅಂದರೆ ಹೀಗೇ ಎಂದು ಸುಮ್ಮನೆ ಪಕ್ಕದಲ್ಲಿ ಕುಳಿತಿದ್ದೆ. ಮುಂದಿನ ಸಲ ಎಷ್ಟು ಹೊತ್ತು ಕಾಯಬೇಕು?

ರಾತ್ರಿಪಾಳಿ

ಅಣ್ಣಾ, ನೀವು ಪಕ್ಕದಲ್ಲಿ ಕುಳಿತದ್ದು ದೊಡ್ಡದೇ. ಮೈಗ್ರೇನ್ ಸಾಮಾನ್ಯವಾಗಿ 4ರಿಂದ 72 ಗಂಟೆ ಇರುತ್ತದೆ. 72 ಗಂಟೆ ಮೀರಿ ಬಿಡದೆ ಕಾಡಿದರೆ ಅದಕ್ಕೆ ಸ್ಟೇಟಸ್ ಮೈಗ್ರೇನೋಸಸ್ ಎಂಬ ಬೇರೆ ಹೆಸರೇ ಇದೆ, ಆಸ್ಪತ್ರೆಯ ಚಿಕಿತ್ಸೆಯೂ ಬೇಕು. ಆದರೆ 72ರವರೆಗೆ ಕಾಯಬೇಕು ಎಂದು ಅರ್ಥವಲ್ಲ. ನೀರು ನಿಲ್ಲದಿದ್ದರೆ, ಮೂತ್ರ ಕಡಿಮೆಯಾದರೆ, ಮಂಪರು ಕವಿದರೆ ಆ ದಿನವೇ ಹೊರಡಿ. ನೋವು ಏರಿದಾಗ ಜಠರ ತನ್ನ ಕೆಲಸ ನಿಧಾನಗೊಳಿಸುತ್ತದೆ, ನುಂಗಿದ ಮಾತ್ರೆ ರಕ್ತಕ್ಕೆ ಬೇಗ ಸೇರುವುದಿಲ್ಲ. ಆದ್ದರಿಂದ ಮಾತ್ರೆಯನ್ನು ಶುರುವಿನಲ್ಲೇ ಕೊಡಬೇಕು, ವಾಂತಿ ನಿಲ್ಲಿಸುವ ಔಷಧಿಯ ಬಗ್ಗೆಯೂ ಮೂಗಿನ ಸ್ಪ್ರೇ ಬಗ್ಗೆಯೂ ವೈದ್ಯರನ್ನು ಕೇಳಿ. ಫಲಿಸದ ಮಾತ್ರೆಯ ಮೇಲೆ ಮಾತ್ರೆ ಕೊಡುತ್ತಾ ಹೋಗಬೇಡಿ. ಪ್ಯಾರಾಸಿಟಮಾಲ್ ಆರೋಗ್ಯವಂತ ವಯಸ್ಕರಿಗೂ ದಿನಕ್ಕೆ 4 ಗ್ರಾಂ ಮೀರಬಾರದು. ಮೀರಿದರೆ ಯಕೃತ್ತು ಹಾಳಾಗಬಹುದು.

ಮತ್ತು ಅವಳಿಗೆ ಔರಾ ಇದೆಯೇ ಎಂದು ಕೇಳಿ ನೋಡಿ. ಮಕ್ಕಳು ಅದನ್ನು ತಾವಾಗಿ ಹೇಳುವುದಿಲ್ಲ.

ಮಳೆಗಾಲ

ಇಲ್ಲಿ ಯಾರೂ ಇನ್ನೂ ಹೇಳದ ಅಪಾಯವೊಂದಿದೆ, ನಾನು ಹೇಳುತ್ತೇನೆ. ತಿಂಗಳಲ್ಲಿ ಇಪ್ಪತ್ತು ದಿನ ನೋವು. ಹಾಗೆ ಮೂರು ವರ್ಷ. ಗೆಳೆಯರು ಕರೆಯುವುದನ್ನು ನಿಲ್ಲಿಸಿದರು, ಕಚೇರಿಯಲ್ಲಿ ನನ್ನ ರಜೆಯ ಎಣಿಕೆ ನಡೆಯುತ್ತಿತ್ತು. “ತಲೆನೋವಿಗೆ ರಜೆಯೇ?” ಎಂಬ ಒಂದು ಪ್ರಶ್ನೆಯನ್ನು ಎಷ್ಟು ಸಲ ಕೇಳಿದ್ದೇನೋ. ಈ ನೋವು ನಿಲ್ಲಲಿ ಎಂಬ ಪ್ರಾರ್ಥನೆ, ಬದುಕೇ ನಿಲ್ಲಲಿ ಎಂಬಲ್ಲಿಗೆ ಯಾವ ರಾತ್ರಿ ಜಾರಿತೋ ನನಗೇ ತಿಳಿಯಲಿಲ್ಲ.

ಮೈಗ್ರೇನ್ ಇರುವವರಲ್ಲಿ ಖಿನ್ನತೆ ಉಳಿದವರಿಗಿಂತ ಸುಮಾರು ಎರಡು ಪಟ್ಟು ಹೆಚ್ಚು, ಆತ್ಮಹತ್ಯೆಯ ಯೋಚನೆಯೂ ಹೆಚ್ಚು. ಇದು ಮನಸ್ಸಿನ ದೌರ್ಬಲ್ಯವಲ್ಲ. ನಾನು ಬದುಕಿದ್ದು ಆ ರಾತ್ರಿ ಅಕ್ಕನಿಗೆ ಫೋನ್ ಮಾಡಿದ್ದರಿಂದ. “ನೀನು ಏನೂ ಮಾತಾಡಬೇಡ, ಫೋನ್ ಮಾತ್ರ ಇಡಬೇಡ” ಎಂದಳು. ಬೆಳಗಾಗುವುದರೊಳಗೆ ಬಂದಳು. ಈಗ ಮನೋವೈದ್ಯರೂ ನರರೋಗ ತಜ್ಞರೂ ಸೇರಿ ನೋಡಿಕೊಳ್ಳುತ್ತಿದ್ದಾರೆ. ಸಿಜಿಆರ್‌ಪಿ ಎಂಬ ನೋವಿನ ಅಣುವನ್ನು ತಡೆಯುವ ಚುಚ್ಚುಮದ್ದು ತಿಂಗಳಿಗೊಮ್ಮೆ. ಈ ಬಗೆಯ ಔಷಧಿ ಬಂದದ್ದೇ 2018ರಲ್ಲಿ. ಇಪ್ಪತ್ತು ದಿನ ಏಳಕ್ಕೆ ಇಳಿದಿದೆ. ಇಂಥ ಯೋಚನೆ ಬಂದವರು ಇದನ್ನು ಓದುತ್ತಿದ್ದರೆ, ಈಗಲೇ ಒಬ್ಬರಿಗೆ ಕರೆ ಮಾಡಿ. ನಾಳೆಯವರೆಗೆ ಕಾಯಬೇಡಿ.

ಮಿಂಚುಗೆರೆ

ಮಳೆಗಾಲ ಅವರೇ, ನಿಮ್ಮ ಬರಹವನ್ನು ಬೆರಳಿಟ್ಟು ಎರಡು ಸಲ ಓದಿದೆ. ನಿಮ್ಮ ಅಕ್ಕನಿಗೆ ನನ್ನ ನಮಸ್ಕಾರ ತಿಳಿಸಿ.

ಪಾರ್ಶ್ವವಾಯು ಆದ ಮೇಲೆ ಟ್ರಿಪ್ಟಾನ್ ನನಗೆ ನಿಷಿದ್ಧ, ಎರ್ಗಾಟ್ ಕೂಡ. ಅವು ರಕ್ತನಾಳವನ್ನು ಕುಗ್ಗಿಸುತ್ತವೆ. ಹೃದಯದ ರಕ್ತನಾಳದ ಕಾಯಿಲೆ, ಹಿಡಿತಕ್ಕೆ ಬಾರದ ರಕ್ತದೊತ್ತಡ ಇರುವವರಿಗೂ ಅದೇ ನಿಯಮ. ಎರ್ಗಾಟ್ ಮತ್ತು ಟ್ರಿಪ್ಟಾನ್ ಎರಡನ್ನೂ 24 ಗಂಟೆಯೊಳಗೆ ಸೇರಿಸಿ ಯಾರೂ ತೆಗೆದುಕೊಳ್ಳಬಾರದು ಎಂದು ನನಗೆ ಈಗ ಗೊತ್ತು. ಹಿಂದೆ ನಾನು ಒಮ್ಮೆ ಹಾಗೆ ಮಾಡಿದ್ದೆ.

ಒಬ್ಬರು ಖಾಸಗಿಯಾಗಿ ಕೇಳಿದ್ದರು, ನನ್ನ ಚೀಲದಲ್ಲಿ ಇಟ್ಟುಕೊಂಡಿರುವ ಚೀಟಿಯಲ್ಲಿ ಏನಿದೆ ಎಂದು. ಹೀಗೆ ಬರೆದಿದೆ: “ಔರಾ ಇರುವ ಮೈಗ್ರೇನ್. ಮಾಮೂಲಿ ಔರಾ: ಎಡಗಡೆ ಮಿನುಗುವ ಬಿಲ್ಲು, 25 ನಿಮಿಷ. ಇದಕ್ಕಿಂತ ಬೇರೆಯಾಗಿದ್ದರೆ ಪಾರ್ಶ್ವವಾಯು ಎಂದು ತಿಳಿದು ಆಸ್ಪತ್ರೆಗೆ ಕರೆದೊಯ್ಯಿರಿ. ಟ್ರಿಪ್ಟಾನ್, ಎರ್ಗಾಟ್, ಈಸ್ಟ್ರೋಜೆನ್ ಕೊಡಬಾರದು.” ಕೆಳಗೆ ತಮ್ಮನ ಫೋನ್ ಸಂಖ್ಯೆ.

ಕತ್ತಲಕೋಣೆ

ಇಂದು ಹದಿನಾರನೇ ದಿನ. ಮೊನ್ನೆಯೂ ನಿನ್ನೆಯೂ ನೋವಿರಲಿಲ್ಲ. ಒಂದು ಎಚ್ಚರಿಕೆ: ಓಪಿಯಾಯ್ಡ್ ಅಥವಾ ನಿದ್ದೆಯ ಔಷಧಿ ಬೆರೆತ ಮಾತ್ರೆ ತೆಗೆದುಕೊಳ್ಳುವವರು ನನ್ನ ಹಾಗೆ ಒಮ್ಮೆಗೇ ಬಿಡಬಾರದು. ಅದನ್ನು ವೈದ್ಯರ ಕಣ್ಣೆದುರು ಮೆಲ್ಲಮೆಲ್ಲನೆ ಇಳಿಸಬೇಕು.

ಅಪ್ಪನ ಕುರ್ಚಿ

ರಾತ್ರಿಪಾಳಿ ಅವರು ಹೇಳಿದಂತೆ ಮಗಳನ್ನು ಕೇಳಿದೆ. ಇದೆಯಂತೆ. ಎಡಗೈ ಕಿರುಬೆರಳಿನಲ್ಲಿ ಜೋಮು ಶುರುವಾಗಿ, ಒಂದೊಂದೇ ಬೆರಳು ದಾಟಿ, ಮೊಣಕೈಗೆ ಏರಿ, ಆಮೇಲೆ ತುಟಿಗೆ ಹಾರುತ್ತದಂತೆ. ಎಲ್ಲರಿಗೂ ಹೀಗೇ ಆಗುತ್ತದೆ ಎಂದುಕೊಂಡಿದ್ದಳು. ಮೊನ್ನೆ ಮತ್ತೆ ಬಂದಾಗ ಗಡಿಯಾರ ಹಿಡಿದು ಪಕ್ಕದಲ್ಲಿ ಕುಳಿತೆ, ಅವಳು ಹೇಳುತ್ತಾ ಹೋದಳು, ನಾನು ಬರೆದುಕೊಂಡೆ. ಕಿರುಬೆರಳಿನಿಂದ ತುಟಿಗೆ 18 ನಿಮಿಷ. ಪೂರ್ತಿ ಇಳಿಯಲು 31. ಚೀಟಿ ಬರೆದು ಅವಳ ಶಾಲೆಯ ಚೀಲದಲ್ಲಿ ಇಟ್ಟಿದ್ದೇನೆ, ಇನ್ನೊಂದು ನನ್ನ ಜೇಬಿನಲ್ಲಿದೆ.